ಹಾರುವುದಕ್ಕೊಂದು ನೆಪ

ಅಮೆರಿಕದಲ್ಲಿ ಹವ್ಯಾಸಕ್ಕಾಗಿ ವಿಮಾನ ಹಾರಿಸುವವರ ಲೈಸೆನ್ಸಿಗೆ ಅವಧಿ ಮುಗಿಯುವ ದಿನಾಂಕವೇ ಇಲ್ಲ. ಕನಿಷ್ಠ 40 ಗಂಟೆ ಹಾರಾಟ ಮುಗಿಸಿ ಪರೀಕ್ಷೆ ಪಾಸಾದರೆ ಅದು ಜೀವನಪೂರ್ತಿ ಕೈಯಲ್ಲಿರುತ್ತದೆ. ಆದರೆ ಪಕ್ಕದ ಸೀಟಿನಲ್ಲಿ ಹೆಂಡತಿಯನ್ನೋ ಗೆಳೆಯನನ್ನೋ ಕೂರಿಸಿಕೊಳ್ಳಬೇಕೆಂದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಮೇಲೇರಿ ಮೂರು ಸಲ ಇಳಿದಿರಬೇಕು. ಎರಡು ವರ್ಷಕ್ಕೊಮ್ಮೆ ಬೋಧಕರೊಬ್ಬರ ಜೊತೆ ಹಾರಿ ಸೈ ಎನ್ನಿಸಿಕೊಳ್ಳಬೇಕು. ಮೂರು ಸಲ ಇಳಿಯುವುದೇನು ಮಹಾ ಅನ್ನಿಸಬಹುದು. ಉತ್ತರದ ರಾಜ್ಯಗಳಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ವಿಮಾನ ಹ್ಯಾಂಗರಿನಿಂದ ಆಚೆ ಬರದಿದ್ದರೆ ಆ 90 ದಿನ ಗೊತ್ತೇ ಆಗದಂತೆ ಕಳೆದುಹೋಗುತ್ತವೆ.

ಹಾಗೆ ಹಾರುವುದನ್ನೇ ಬಿಟ್ಟವರು ದುಡ್ಡಿನ ಕಾರಣ ಹೇಳುತ್ತಾರೆ. ಸುಳ್ಳಲ್ಲ. ನಾಲ್ಕು ಸೀಟಿನ ಸೆಸ್ನಾ 172 ಗಂಟೆಗೆ 30 ಲೀಟರಿನಷ್ಟು ಪೆಟ್ರೋಲು ಕುಡಿಯುತ್ತದೆ, ಅದೂ ವಿಮಾನಕ್ಕೆಂದೇ ತಯಾರಾಗುವ ದುಬಾರಿ ನೀಲಿ ಪೆಟ್ರೋಲು. ಆದರೂ ನನಗೆ ಕಾಣುವಂತೆ ನಿಜವಾದ ಕಾರಣ ಬೇರೆ. ಲೈಸೆನ್ಸು ಸಿಗುವ ತನಕ ಪ್ರತಿ ಪಾಠಕ್ಕೂ ಒಂದು ಗುರಿ ಇರುತ್ತದೆ. ಸಿಕ್ಕ ಮೇಲೆ ಅದೇ ಕೆರೆ, ಅದೇ ಹೆದ್ದಾರಿ, ಅದೇ ನೀರಿನ ಟ್ಯಾಂಕು. ಸುಮ್ಮನೆ ಸುತ್ತು ಹಾಕಿ ಬರುವುದು ಎಷ್ಟು ದಿನ ರುಚಿಸೀತು? ಹಾಗಾಗಿ ಅಲ್ಲಿನವರು ಹಾರುವುದಕ್ಕೆ ನೆಪಗಳನ್ನು ಹುಟ್ಟುಹಾಕಿಕೊಂಡಿದ್ದಾರೆ. ನೆಪ ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಎಲ್ಲಕ್ಕಿಂತ ಹಳೆಯ ನೆಪ ಊಟ. ಪಕ್ಕದ ಸಣ್ಣ ನಿಲ್ದಾಣಕ್ಕೆ ಹಾರಿ, ಅಲ್ಲಿನ ಕ್ಯಾಂಟೀನಿನಲ್ಲಿ ಒಂದು ಬರ್ಗರ್ ತಿಂದು ಮರಳುವುದು. ಪೆಟ್ರೋಲಿನ ಲೆಕ್ಕ ಸೇರಿಸಿ ಅದನ್ನು ‘ನೂರು ಡಾಲರ್ ಬರ್ಗರ್’ ಅನ್ನುತ್ತಾರೆ. ಈಗಿನ ದರದಲ್ಲಿ ನೂರು ಡಾಲರಿಗೆ ಮುಗಿದರೆ ಪುಣ್ಯ! ವರ್ಜೀನಿಯಾ ರಾಜ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನ ವಿಮಾನ ನಿಲ್ದಾಣಗಳಲ್ಲಿ ಇಳಿದವರಿಗೆ ಮುದ್ರೆ ಒತ್ತಿಸಿಕೊಳ್ಳಲು ಪುಸ್ತಕ ಕೊಡುತ್ತದೆ. ಕೊನೆಯ ಹಂತ ಮುಟ್ಟಿದವರಿಗೆ ಚರ್ಮದ ಜಾಕೆಟ್ಟೇ ಬಹುಮಾನ. ಕೊಲೊರಾಡೊದ ಲೆಡ್‌ವಿಲ್ ನಿಲ್ದಾಣ ಸಮುದ್ರಮಟ್ಟದಿಂದ 9,934 ಅಡಿ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ಸಣ್ಣ ವಿಮಾನಗಳು ಮೇಲೇಳಲು ಏದುಸಿರು ಬಿಡುತ್ತವೆ. ಇಳಿದವರಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಒಂದು ಹಾಳೆಗಾಗಿ ಪರ್ವತ ದಾಟಿ ಬರುವವರಿದ್ದಾರೆ.

ಚಳಿಗಾಲಕ್ಕೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಆಲ್ಟನ್ ಬೇ ಇದೆ. ವಿನಿಪೆಸೌಕಿ ಸರೋವರದ ದಕ್ಷಿಣ ತುದಿ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ರನ್‌ವೇ ಮಾಡುತ್ತಾರೆ. ಅಲಾಸ್ಕಾ ಬಿಟ್ಟರೆ ಆ ದೇಶದಲ್ಲಿ ಸರ್ಕಾರದ ಮಾನ್ಯತೆ ಪಡೆದ ಮಂಜುಗಡ್ಡೆಯ ರನ್‌ವೇ ಅದೊಂದೇ. ಊರಿನ ಸ್ವಯಂಸೇವಕರು ಮಂಜುಗಡ್ಡೆಯನ್ನು ಕೊರೆದು ದಪ್ಪ ಅಳೆಯುತ್ತಾರೆ. ಕನಿಷ್ಠ 12 ಇಂಚು ಇರಬೇಕು. ಆಮೇಲೆ ಹಿಮ ಬಳಿದು ದಾರಿ ತೆರೆಯುತ್ತಾರೆ. ಅಲ್ಲಿ ಬ್ರೇಕು ಒತ್ತಿದರೆ ವಿಮಾನ ನಿಲ್ಲುವ ಬದಲು ಜಾರುತ್ತದೆ, ಆದ್ದರಿಂದ ವೇಗ ತಾನಾಗಿ ಇಳಿಯುವವರೆಗೆ ಕಾಯುವ ತಾಳ್ಮೆ ಬೇಕು. ಇಳಿದವರು ನಡೆದುಕೊಂಡೇ ದಡ ಸೇರಿ ಊಟ ಮಾಡುತ್ತಾರೆ. ಚಳಿ ಸಾಕಷ್ಟು ಬೀಳದ ವರ್ಷ ರನ್‌ವೇ ತೆರೆಯುವುದೇ ಇಲ್ಲ.

ಚಳಿಯಲ್ಲಿ ಹಾರುವುದಕ್ಕೆ ಸಿದ್ಧತೆ ಜಾಸ್ತಿ. ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಹಾಗಾಗಿ ಹೀಟರ್ ಹಾಕಿ, ಮೂತಿಗೆ ಕಂಬಳಿ ಹೊದಿಸಿ ಬೆಚ್ಚಗೆ ಮಾಡಬೇಕು. ರೆಕ್ಕೆಯ ಮೇಲಿನ ಇಬ್ಬನಿಯ ಹೆಪ್ಪನ್ನು ಪೂರ್ತಿ ಒರೆಸಬೇಕು. ಸ್ಯಾಂಡ್‌ಪೇಪರಿನಷ್ಟು ತರಿತರಿಯಾದ ತೆಳು ಪದರವೂ ರೆಕ್ಕೆಯ ಎತ್ತುವ ಶಕ್ತಿಯನ್ನು ಶೇ 30ರಷ್ಟು ಕುಗ್ಗಿಸಬಲ್ಲದು. ಇಷ್ಟೆಲ್ಲ ಪಾಡುಪಟ್ಟವರಿಗೆ ಪ್ರತಿಫಲವೂ ಉಂಟು. ತಣ್ಣನೆಯ ಗಾಳಿ ಸಾಂದ್ರ, ಬೇಸಿಗೆಯಲ್ಲಿ ತೆವಳುವ ವಿಮಾನ ಜನವರಿಯಲ್ಲಿ ಚಿಮ್ಮಿ ಏರುತ್ತದೆ. ಇನ್ನೊಂದು ಅನುಕೂಲವೂ ಇದೆ: ರಾತ್ರಿ ಪ್ರಯಾಣಿಕರನ್ನು ಕರೆದೊಯ್ಯಲು ಬೇಕಾದ ಮೂರು ಇಳಿತಗಳನ್ನು ಸೂರ್ಯಾಸ್ತವಾಗಿ ಒಂದು ಗಂಟೆಯ ನಂತರ ಮಾಡಬೇಕೆಂಬ ನಿಯಮವಿದೆ. ಜೂನಿನಲ್ಲಿ ಅದಕ್ಕಾಗಿ ನಿದ್ದೆಗೆಡಬೇಕು, ಡಿಸೆಂಬರಿನಲ್ಲಾದರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ಅಷ್ಟಕ್ಕೂ ರೈಟ್ ಸಹೋದರರು ಮೊದಲು ಹಾರಿದ್ದೂ 1903ರ ಡಿಸೆಂಬರ್ 17ರಂದು, ಕಡಲ ತೀರದ ಕೊರೆಯುವ ಚಳಿಗಾಳಿಯಲ್ಲೇ.

ಈ ನೆಪಗಳ ಪೈಕಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಬೇರೆಯವರಿಗಾಗಿ ಹಾರುವುದು. 2008ರಲ್ಲಿ ಶುರುವಾದ ಪೈಲಟ್ಸ್ ಎನ್ ಪಾಸ್ ಸಂಸ್ಥೆಯ ಮೂಲಕ ಪೈಲಟ್‌ಗಳು ಅನಾಥ ನಾಯಿಗಳನ್ನು ಸಾಕುವವರ ಊರಿಗೆ ತಮ್ಮ ಖರ್ಚಿನಲ್ಲೇ ತಲುಪಿಸುತ್ತಾರೆ. ಪಾಲ್ ಪೊಬೆರೆಜ್ನಿ 1953ರಲ್ಲಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ 1992ರಿಂದ ‘ಯಂಗ್ ಈಗಲ್ಸ್’ ಹೆಸರಿನಲ್ಲಿ 8ರಿಂದ 17 ವರ್ಷದ ಮಕ್ಕಳನ್ನು ಉಚಿತವಾಗಿ ಹಾರಿಸುತ್ತಿದೆ. 2016ರಲ್ಲೇ ಆ ಮಕ್ಕಳ ಸಂಖ್ಯೆ 20 ಲಕ್ಷ ಮುಟ್ಟಿತು. ಶನಿವಾರ ಬೆಳಿಗ್ಗೆ ಮಗುವೊಂದು ಕಾಯುತ್ತಿದೆ ಎಂದರೆ ಹೊದಿಕೆಯೊಳಗೆ ಮುದುಡಿ ಮಲಗಲು ಯಾವ ಪೈಲಟ್‌ಗೂ ಮನಸ್ಸು ಬರಲಿಕ್ಕಿಲ್ಲ.

ಮಗಳ ಮನೆಗೆ, ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಇರುವ ಹಿರಿಯರು ನಮ್ಮಲ್ಲಿ ಎಷ್ಟೋ ಜನ. ಅಲ್ಲಿ ಸಾರ್ವಜನಿಕ ಬಳಕೆಯ ಸಣ್ಣದೊಡ್ಡ ನಿಲ್ದಾಣಗಳೇ ಸುಮಾರು 5,000 ಇವೆ, ಹತ್ತಿರದಲ್ಲೊಂದು ಇದ್ದೇ ಇರುತ್ತದೆ. ಮೊಮ್ಮಗಳಿಗೆ ಎಂಟು ತುಂಬಿದ್ದರೆ ಅಲ್ಲಿ ಯಂಗ್ ಈಗಲ್ಸ್ ಹಾರಾಟ ಯಾವ ದಿನವೆಂದು ವಿಚಾರಿಸಿ. ಟಿಕೆಟ್ ಇಲ್ಲ, ಅಪ್ಪನದೋ ಅಮ್ಮನದೋ ಸಹಿ ಬೇಕು.