‘ಅನುಮತಿಸಿ’ ಒತ್ತುವ ಮುನ್ನ

ನಮ್ಮ ಜಾವಳಿಯಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕಳೆದ ಮಳೆಗಾಲ ಕೆಲಸ ಹುಡುಕಿಕೊಡುವ ಆ್ಯಪ್ ಒಂದನ್ನು ಹಾಕಿಕೊಳ್ಳಲು ಛತ್ರಿ ಹಿಡಿದು ಗುಡ್ಡ ಹತ್ತಿದ್ದೆ. ಸಿಗ್ನಲ್ ಹೋಗುವುದರೊಳಗೆ ಮುಗಿಸುವ ಆತುರ. ಕಾಂಟ್ಯಾಕ್ಟ್, ಫೋಟೊ, ಲೊಕೇಶನ್ ಎಲ್ಲಕ್ಕೂ ‘ಅನುಮತಿಸಿ’ ಒತ್ತಿದೆ. ಕೆಲಸವೇನೂ ಸಿಗಲಿಲ್ಲ. ವಾರದೊಳಗೆ ಅಮ್ಮನಿಗೆ, ತೋಟದ ರೈಟರಿಗೆ ‘ಸಾಲ ಬೇಕೆ?’ ಎಂಬ ಕರೆಗಳು ಶುರುವಾದವು. ಅದೂ ನನ್ನ ಹೆಸರು ಹೇಳಿಕೊಂಡು!

‘ನನ್ನಲ್ಲಿ ಮುಚ್ಚಿಡುವಂಥದ್ದೇನಿದೆ’ ಎಂದುಕೊಂಡಿದ್ದೆ. ಆದರೆ ನಾನು ಕೊಟ್ಟಿದ್ದು ಬೇರೆಯವರ ನಂಬರ್.

ಆಮೇಲೆ ಕುಳಿತು ಓದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಉದಾಹರಣೆಯಿದೆ: ಆನ್‌ಲೈನ್ ವೈದ್ಯಕೀಯ ಸಲಹೆ ಕೊಡುವ ಆ್ಯಪ್‌ಗೆ ಕಾಂಟ್ಯಾಕ್ಟ್ ಪಟ್ಟಿ ಅಗತ್ಯವಿಲ್ಲ, ನಾವು ಒಪ್ಪಿದ್ದರೂ ಆ ಒಪ್ಪಿಗೆ ಲೆಕ್ಕಕ್ಕಿಲ್ಲ. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲೇ ಓದಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು ಎನ್ನುತ್ತದೆ ಕಾಯ್ದೆ. ಅದು ಹಂತ ಹಂತವಾಗಿ ಜಾರಿಗೆ ಬರುತ್ತಿದೆ.

ಗೆಳೆಯರೇ, ಕಾನೂನು ಬಂದರೂ ಒತ್ತುವ ಬೆರಳು ನಮ್ಮದೇ. ಈಗಲೂ ಗುಡ್ಡ ಹತ್ತುತ್ತೇನೆ. ಆದರೆ ಮೊದಲು ಕೇಳಿಕೊಳ್ಳುತ್ತೇನೆ: ನನಗೆ ಕೆಲಸ ಕೊಡಲು ಇವರಿಗೆ ಅಮ್ಮನ ನಂಬರ್ ಯಾಕೆ? ಉತ್ತರ ಸಿಗದಿದ್ದರೆ ‘ಬೇಡ’ ಒತ್ತಿ ಇಳಿದು ಬರುತ್ತೇನೆ.