ಗದಗಿನ ಪುಣ್ಯಾಶ್ರಮ: ನಾದದಿಂದ ನಡೆದ ದಾಸೋಹ

ದಾಸೋಹವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಅನ್ನದ ಪಂಕ್ತಿ. ಆ ಅನ್ನದ ಜೋಳ ಎಲ್ಲಿಂದ ಬಂದಿತು, ಯಾರ ಯಾವ ಕಾಯಕದಿಂದ ಬಂದಿತು ಎಂದು ವಿಚಾರಿಸುವವರು ವಿರಳ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯನ್ನು ಅರಿಯಬೇಕಾದರೆ ಈ ಪ್ರಶ್ನೆಯನ್ನೇ ಮೊದಲು ಕೇಳಬೇಕು. ಹಾಡಿ, ಬಾರಿಸಿ, ನಾಟಕವಾಡಿ ತಂದುದರಲ್ಲಿ ಅಂಧರಿಗೂ ಅನಾಥರಿಗೂ ಬಡ ಮಕ್ಕಳಿಗೂ ಉಣಬಡಿಸಿ, ವಿದ್ಯೆಯನ್ನು ಧಾರೆಯೆರೆದ ಸಂಸ್ಥೆ ಅದು.

ಇದರ ಬೇರು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ (1867-1930) ಕರುಣೆಯಲ್ಲಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ, ಗುರುಬಸಯ್ಯ ಎಂಬ ಹುಟ್ಟು ಕುರುಡ ಸಹೋದರರ ಕಂಠಶ್ರೀಯನ್ನು ಗುರುತಿಸಿ, ಅವರ ಸಂಗೀತ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದವರು ಪೂಜ್ಯರು. 1892ರಲ್ಲಿ ಜನಿಸಿದ ಆ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಮೊದಲು ಕರ್ನಾಟಕ ಸಂಗೀತವನ್ನೂ, ಬಳಿಕ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಸಾಧಿಸಿ ಅವರು ಉಭಯಗಾನ ವಿಶಾರದರೆನಿಸಿದರು. ಇಷ್ಟು ವಿದ್ಯೆಯುಳ್ಳವರು ಯಾವುದಾದರೊಂದು ಸಂಸ್ಥಾನದ ಆಸ್ಥಾನವನ್ನು ಸೇರಿ ಸುಖವಾಗಿರಬಹುದಾಗಿತ್ತು. ಗವಾಯಿಗಳಾದರೋ ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಸಂಚಾರಿ ಪಾಠಶಾಲೆಯನ್ನು ಕಟ್ಟಿದರು.

ಸಂಚಾರಿ ಎಂಬ ಮಾತನ್ನು ಓದುಗರು ಲಘುವಾಗಿ ತೆಗೆದುಕೊಳ್ಳಬಾರದು. ಶಾಲೆಗೆ ಕಟ್ಟಡವಿರಲಿಲ್ಲ. ಗುರು, ಶಿಷ್ಯರು, ತಂಬೂರಿ, ತಬಲಾ ಎಲ್ಲವೂ ಊರಿಂದೂರಿಗೆ ನಡೆಯುತ್ತಿದ್ದುವು. ಯಾವ ಊರಿನವರು ಆದರಿಸಿದರೋ ಅಲ್ಲಿ ಪಾಠ, ಅಲ್ಲಿಯೇ ಊಟ. ಮಳೆ ಹೋದ ವರ್ಷ ರೈತನ ಕಣಜ ಬರಿದಾದರೆ ಶಾಲೆಯ ಪಾಕಶಾಲೆಯೂ ಬರಿದು. ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆಯೊಂದು ದೊರೆಯಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಶಿಷ್ಯರಿಗೆ ಉಳಿದುದು ಗುರುವಿನ ವಿದ್ಯೆ ಮತ್ತು ತುಂಬಬೇಕಾದ ಹಸಿದ ಹೊಟ್ಟೆಗಳು.

ಆ ಭಾರವನ್ನು ಹೊತ್ತವರು ಶಿಷ್ಯೋತ್ತಮರಾದ ಪುಟ್ಟರಾಜ ಗವಾಯಿಗಳು. ಹಾನಗಲ್ಲ ಸೀಮೆಯಲ್ಲಿಯೇ 1914ರ ಮಾರ್ಚ್ 3ರಂದು ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥರಚನೆ ಮಾಡಿದರು. ಹಾರ್ಮೋನಿಯಂ, ಪಿಟೀಲು, ತಬಲಾ ಮೊದಲಾಗಿ ಅನೇಕ ವಾದ್ಯಗಳು ಅವರಿಗೆ ಕರಗತವಾಗಿದ್ದುವು. ಇವೆಲ್ಲ ಸರ್ವವಿದಿತ. ಆದರೆ ಅವರ ನಾಟ್ಯಸಂಘದ ವಿಚಾರಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂದು ನಮ್ಮ ಅಭಿಪ್ರಾಯ. ಅವರು ರಚಿಸಿದ ಶಿವಯೋಗಿ ಸಿದ್ಧರಾಮನ ನಾಟಕ ರಂಗವೇರಿ ಜನರನ್ನು ಸೆಳೆದಾಗ ಟಿಕೀಟಿನ ಹಣ ಆಶ್ರಮದ ಒಲೆಯನ್ನು ಉರಿಸಿತು. ನಾಟಕದ ಕಂಪನಿಯೆಂದರೆ ಮಡಿವಂತರು ಮೂಗು ಮುರಿಯುತ್ತಿದ್ದ ಕಾಲ. ಸನ್ಯಾಸಿಯೊಬ್ಬರು ಪರದೆ, ಬಣ್ಣಗಳ ನಡುವೆ ಕುಳಿತು ಮಕ್ಕಳ ಅನ್ನವನ್ನು ದುಡಿದರೆಂಬುದು ಅವರ ಎಷ್ಟೋ ಬಿರುದುಗಳಿಗಿಂತ ನಮಗೆ ಹಿರಿದಾಗಿ ತೋರುತ್ತದೆ.

ತುಲಾಭಾರಗಳ ಮಾತು ಬೇರೆ. ಲೆಕ್ಕವಿಲ್ಲದಷ್ಟು ಊರುಗಳಲ್ಲಿ ಭಕ್ತರು ಪೂಜ್ಯರನ್ನು ತಕ್ಕಡಿಯಲ್ಲಿ ಕೂಡಿಸಿ ನಾಣ್ಯಗಳಿಂದ ತೂಗಿದರು. ಇದು ಆಡಂಬರವಲ್ಲವೇ ಎಂದು ಕೇಳಿದವರುಂಟು. ತಕ್ಕಡಿಯ ಒಂದು ಪರಡಿಯಲ್ಲಿ ಕುಳಿತವರು ಒಬ್ಬರೇ ಆದರೂ ತೂಗಿದ ಹಣ ಸಂದದ್ದು ನೂರಾರು ಮಕ್ಕಳ ಪಂಕ್ತಿಗೆ ಎಂಬುದೇ ಅದಕ್ಕೆ ಉತ್ತರ. 2010ರಲ್ಲಿ ಭಾರತ ಸರ್ಕಾರ ಪದ್ಮಭೂಷಣವನ್ನಿತ್ತಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಈ ಗುರುಪರಂಪರೆಯಿಂದ ಬಸವರಾಜ ರಾಜಗುರುಗಳು ಬಂದರು, ಅರ್ಜುನಸಾ ನಾಕೋಡರು ಬಂದರು, 2016ರಲ್ಲಿ ಪದ್ಮಶ್ರೀಗೆ ಪಾತ್ರರಾದ ಎಂ. ವೆಂಕಟೇಶಕುಮಾರರು ಬಂದರು. ಆದರೆ ಆಶ್ರಮದ ನಿಜವಾದ ಸುಗ್ಗಿ ಇಂಥ ಹೆಸರುಗಳಲ್ಲಿಲ್ಲ, ಹೆಸರಿಲ್ಲದವರಲ್ಲಿದೆ. ಇಲ್ಲಿ ಜಾತಿಯನ್ನು ಕೇಳದೆ ಸೇರಿಸಿಕೊಂಡ ಅಂಧ ಬಾಲಕ ಹಾರ್ಮೋನಿಯಂ ಮನೆಗಳನ್ನು ಬೆರಳಿನಿಂದಲೇ ಗುರುತಿಸಲು ಕಲಿಯುತ್ತಾನೆ, ತಬಲಾದ ಬೋಲುಗಳನ್ನು ಬಾಯಿಪಾಠ ಮಾಡುತ್ತಾನೆ, ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಕೂಡುತ್ತಾನೆ. ಮುಂದೆ ಶಾಲೆಯ ಸಂಗೀತ ಶಿಕ್ಷಕನಾಗಬಹುದು. ಇಲ್ಲವೇ ಶ್ರಾವಣದಲ್ಲಿ ಯಾವುದೋ ಹಳ್ಳಿಯ ಗುಡಿಯಲ್ಲಿ ಪುರಾಣ ಹಚ್ಚಿದಾಗ ಪ್ರವಚನಕಾರರ ಪಕ್ಕದಲ್ಲಿ ಕುಳಿತು ವಚನಗಳನ್ನು ಹಾಡುವ ಗವಾಯಿಯಾಗುತ್ತಾನೆ. ಹಿಂದೊಮ್ಮೆ ಹಳ್ಳಿಗಳು ಕೊಟ್ಟ ಜೋಳ ಹೀಗೆ ನಾದವಾಗಿ ಹಳ್ಳಿಗೇ ಮರಳುತ್ತದೆ. ಪಟ್ಟಣದ ಸಭಾಗೃಹಕ್ಕೆ ಎಂದೂ ಕಾಲಿಡದ ಒಕ್ಕಲಿನ ಹೆಣ್ಣುಮಗಳ ಕಿವಿಗೆ ಭೀಮಪಲಾಸ, ಭೈರವಿಗಳು ಬಿದ್ದುದು ಇಂಥ ಗವಾಯಿಗಳ ಕಂಠದಿಂದಲೇ.

ಈಗ ಹೇಳಲೇಬೇಕಾದ ಒಂದು ಮಾತು. ಪುರಾಣದ ಸಮಿತಿಗಳು ಮಂಟಪಕ್ಕೆ, ವಿದ್ಯುದ್ದೀಪಗಳಿಗೆ, ಧ್ವನಿವರ್ಧಕಗಳಿಗೆ ಕೈಬಿಚ್ಚಿ ಖರ್ಚು ಮಾಡಿ, ಕಡೆಯ ದಿನ ಗವಾಯಿಯ ಸಂಭಾವನೆಗೆ ಬಂದಾಗ ಚೌಕಾಶಿಗೆ ಇಳಿಯುವುದನ್ನು ನಾವು ಕಂಡಿದ್ದೇವೆ. ತಿಂಗಳುಗಟ್ಟಲೆ ಪ್ರತಿ ಸಂಜೆ ಹಾಡಿದವನಿಗೆ ಶಾಲು ಹೊದಿಸಿ ಕಳುಹಿದರೆ ಆಯಿತೆಂಬ ಭಾವನೆ. ಶಾಲಿನಿಂದ ಮನೆಯ ಬಾಡಿಗೆ ಸಲ್ಲುವುದಿಲ್ಲ. ಶ್ರಾವಣ, ಕಾರ್ತಿಕಗಳ ಗಳಿಕೆಯಲ್ಲಿಯೇ ಅವನ ಸಂಸಾರ ಉಳಿದ ತಿಂಗಳುಗಳನ್ನು ನೂಕಬೇಕು. ಆ ಗಳಿಕೆ ಸಾಲದಾದಾಗ ತಬಲಾ ಬಿಟ್ಟು ಬೇರೆ ದಾರಿಯನ್ನು ಹುಡುಕುತ್ತಾನೆ. ಅವನ ಮಕ್ಕಳಂತೂ ತಬಲಾವನ್ನು ಮುಟ್ಟುವುದೇ ಇಲ್ಲ.

ಆದುದರಿಂದ ಬರುವ ಶ್ರಾವಣದಲ್ಲಿ ಪುರಾಣ ಹಚ್ಚುವ ಊರ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೆ: ಗವಾಯಿಗೂ ತಬಲಾ ಸಾಥಿಗೂ ಕೊಡತಕ್ಕ ಹಣವನ್ನು ಮೊದಲ ದಿನವೇ ನಿಶ್ಚಯಿಸಿ ತೆಗೆದಿರಿಸಿರಿ, ಉಳಿದುದರಲ್ಲಿ ಮಂಟಪ ಕಟ್ಟಿರಿ. ಬಸ್ಸಿನ ಖರ್ಚನ್ನು ಬೇರೆಯಾಗಿ ಕೊಡಿರಿ. ಕಣ್ಣಿಲ್ಲದ ಗವಾಯಿಯ ಕೈಹಿಡಿದು ಕರೆತರುವ ಹುಡುಗನಿಗೂ ಮಲಗಲು ಒಂದು ಜಾಗ, ಹೊದೆಯಲು ಒಂದು ಕಂಬಳಿ ಇರಲಿ.