ಬೆಟ್ಟದ ಗುರುತು ಒಂದೇ, ಚಳಿಗಾಲ ಎರಡು

‘ಉಗುರು ಒತ್ತಿ ನೋಡಿ’ ಎಂದರು ಅಂಗಡಿಯವರು. ಫಿನ್ಲೆಂಡಿನ ಟಾಂಪೆರೆ ನಗರದ ಅಂಚಿನಲ್ಲಿರುವ ಟೈರ್ ಅಂಗಡಿ ಅದು. ನವೆಂಬರಿನ ಮೊದಲ ವಾರ, ಬೆಳಿಗ್ಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ರಾತ್ರಿಯೆಲ್ಲ ಹೊರಗೇ ಇದ್ದ ಎರಡು ಟೈರುಗಳನ್ನು ನನ್ನೆದುರು ಅಕ್ಕಪಕ್ಕ ನಿಲ್ಲಿಸಿದ್ದರು. ಎರಡೂ ಚಳಿಗಾಲದ ಟೈರುಗಳೇ. ಎರಡರ ಪಕ್ಕೆಯಲ್ಲೂ ಮೂರು ಶಿಖರದ ಬೆಟ್ಟ, ಅದರ ನಡುವೆ ಹಿಮದ ಹರಳು ಇರುವ ಅದೇ ಗುರುತು. ಎರಡರ ಅಳತೆಯೂ ಒಂದೇ. ಒಂದರ ರಬ್ಬರಿನೊಳಕ್ಕೆ ಉಗುರು ಸಲೀಸಾಗಿ ಇಳಿಯಿತು. ಇನ್ನೊಂದರ ಮೇಲೆ ಗೀರು ಕೂಡ ಬೀಳಲಿಲ್ಲ.

ಉಗುರು ಇಳಿಯದ ಟೈರು ನನ್ನ ತಮ್ಮನ ಮಗಳದು. ಅವಳೂ ಅಳಿಯನೂ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಕಾರು ಜರ್ಮನಿಯಿಂದ ಬಂದದ್ದು. ಫಿನ್ಲೆಂಡಿನಲ್ಲಿ ಇದು ಮಾಮೂಲು. ‘ವಿಂಟರ್ ಟೈರ್ ಹಾಕಿಯೇ ಕೊಟ್ಟಿದ್ದಾರೆ ದೊಡ್ಡಪ್ಪ, ಈ ವರ್ಷ ಆ ಖರ್ಚಿಲ್ಲ’ ಎಂದು ಅವಳು ಹಿಂದಿನ ದಿನ ತಾನೇ ಹೇಳಿದ್ದಳು. ಅಂಗಡಿಯವರು ಅವಳನ್ನು ಹೆದರಿಸಲಿಲ್ಲ, ಹೊಸ ಟೈರು ಮಾರಲು ಆತುರಪಡಲೂ ಇಲ್ಲ. ‘ಇದು ಒಳ್ಳೆಯ ಟೈರು. ಮ್ಯೂನಿಕ್‌ನಲ್ಲಿದ್ದರೆ ನಾನೂ ಇದನ್ನೇ ಹಾಕುತ್ತಿದ್ದೆ’ ಎಂದರು. ಆ ಮಾತು ಕೇಳಿದಾಗಿನಿಂದ ಈ ವಿಷಯ ನನ್ನ ತಲೆಯಿಂದ ಇಳಿದೇ ಇಲ್ಲ.

ಬೇಸಿಗೆ ಟೈರು ಬೇರೆ, ಚಳಿಗಾಲದ ಟೈರು ಬೇರೆ ಎಂಬುದು ಹೊರದೇಶದಲ್ಲಿ ಮಕ್ಕಳಿರುವ ಮನೆಗಳಲ್ಲೆಲ್ಲ ಈಗ ಗೊತ್ತಿರುವ ಸಂಗತಿ. ಚಳಿಗಾಲದ ಟೈರಿನಲ್ಲೇ ಎರಡು ಜಾತಿ ಇವೆ, ಎರಡಕ್ಕೂ ಒಂದೇ ಮುದ್ರೆ ಬೀಳುತ್ತದೆ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಮಧ್ಯ ಯುರೋಪಿನ ಟೈರು ಮಳೆ, ಕೆಸರಾದ ಹಿಮ, ಒಣ ಹೆದ್ದಾರಿಯ ವೇಗ ಇವುಗಳಿಗೆ ಹೊಂದುವಂತೆ ಮಾಡಿದ್ದು. ಅದರ ಮೇಲೆ ಎಚ್ ಅಥವಾ ವಿ ಎಂಬ ವೇಗದ ಅಕ್ಷರ ಇರುತ್ತದೆ, ಅಂದರೆ ಗಂಟೆಗೆ 210 ಅಥವಾ 240 ಕಿ.ಮೀ. ತಾಳಿಕೆ. ನಾರ್ಡಿಕ್ ಟೈರು ಮಂಜುಗಡ್ಡೆಗೆಂದೇ ಮಾಡಿದ್ದು, ತೀರಾ ಮೆತ್ತಗೆ. ಅದರ ಮೇಲೆ ಸಾಮಾನ್ಯವಾಗಿ ಕ್ಯೂ, ಆರ್ ಅಥವಾ ಟಿ ಇರುತ್ತದೆ, ಅಂದರೆ 160ರಿಂದ 190ರವರೆಗೆ. ಕೊಳ್ಳುವವರು ಟೈರಿನ ಪಕ್ಕೆಯಲ್ಲಿ ಮೊದಲು ಓದಬೇಕಾದದ್ದು ಈ ಒಂದು ಅಕ್ಷರವನ್ನು ಎಂದು ನಾನೀಗ ನಂಬಿದ್ದೇನೆ.

ಬೆಟ್ಟದ ಗುರುತಿಗೆ ಬೆಲೆ ಇಲ್ಲವೆಂದಲ್ಲ. ಒತ್ತಿ ಗಟ್ಟಿಯಾದ ಹಿಮದ ಮೇಲೆ ಒಂದು ಮಾದರಿ ಟೈರಿಗಿಂತ ನಿಗದಿತ ಪ್ರಮಾಣದಲ್ಲಿ ಹೆಚ್ಚು ಹಿಡಿತ ತೋರಿಸಿದರಷ್ಟೇ ಅದು ಸಿಗುತ್ತದೆ. ಹಳೆಯ ‘ಎಂ ಪ್ಲಸ್ ಎಸ್’ ಅಕ್ಷರಗಳಿಗೆ ಅಂಥ ಪರೀಕ್ಷೆಯೇ ಇಲ್ಲ, ತಯಾರಕರು ತಾವೇ ಅಚ್ಚು ಹಾಕಿಕೊಳ್ಳಬಹುದು. ಅದಕ್ಕೇ ಜರ್ಮನಿ 2024ರ ಅಕ್ಟೋಬರಿನಿಂದ ಬರೀ ಎಂ ಪ್ಲಸ್ ಎಸ್ ಇರುವ ಟೈರನ್ನು ಚಳಿಗಾಲದ ಟೈರೆಂದು ಒಪ್ಪುವುದಿಲ್ಲ. ಆದರೆ ಬೆಟ್ಟದ ಗುರುತಿನ ಪರೀಕ್ಷೆ ನಡೆಯುವುದು ಹಿಮದ ಮೇಲೆ, ಮಂಜುಗಡ್ಡೆಯ ಮೇಲಲ್ಲ. ಮಂಜುಗಡ್ಡೆಯ ಹಿಡಿತಕ್ಕೆ ಪ್ರತ್ಯೇಕ ಚಿಹ್ನೆ ಯುರೋಪಿನ ಟೈರ್ ಲೇಬಲ್ಲಿಗೆ ಬಂದದ್ದು 2021ರ ಮೇ ತಿಂಗಳಲ್ಲಿ. ಉತ್ತರದ ದೇಶಗಳಲ್ಲಿ ಲೋಹದ ಮೊಳೆ ಕೂರಿಸದ ಟೈರು ಕೊಳ್ಳುವವರು ಆ ಎರಡನೆಯ ಚಿಹ್ನೆ ಇಲ್ಲದ್ದನ್ನು ಮುಟ್ಟಲೇಬಾರದು.

ಹಿಮ, ಮಂಜುಗಡ್ಡೆ ಎರಡೂ ನೀರೇ ಆದರೂ ಟೈರಿಗೆ ಅವು ಸಂಪೂರ್ಣ ಬೇರೆ. ಹಿಮಕ್ಕೆ ಹಿಮವೇ ಅಂಟುತ್ತದೆ. ಟೈರಿನ ಬ್ಲಾಕುಗಳಿಗೆ ನಮ್ಮ ಕಡೆ ಬಟನ್ ಎನ್ನುತ್ತೇವಲ್ಲ, ಅವುಗಳ ನಡುವೆ ತುಂಬಿಕೊಂಡ ಹಿಮ ರಸ್ತೆಯ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಮಂಜುಗಡ್ಡೆಯಲ್ಲಿ ಕಚ್ಚಲು ಏನೂ ಇಲ್ಲ. ಮೇಲೆ ತೆಳುವಾದ ನೀರಿನ ಪೊರೆ ಬೇರೆ. ಬಟನ್ನುಗಳ ಮೇಲೆ ಕೂದಲೆಳೆಯಂಥ ನೂರಾರು ಸೀಳುಗಳನ್ನು ಕೊಯ್ದಿರುವುದು ಆ ನೀರನ್ನು ಹೀರಿ ಒರೆಸಲಿಕ್ಕೆ, ಜೊತೆಗೆ ಅಂಚುಗಳನ್ನು ಹೆಚ್ಚಿಸಲಿಕ್ಕೆ. ಸೀಳು ಬಾಯಿ ಬಿಡಬೇಕಾದರೆ ರಬ್ಬರು ಮೆತ್ತಗಿರಬೇಕು. ಏಳು ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರು ಬಿಗಿಯಾಗುತ್ತಾ ಹೋಗುತ್ತದೆ ಎನ್ನುವುದು ವ್ಯಾಪಾರದವರ ಒಂದು ಸುಲಭ ಲೆಕ್ಕ. ಟೈರ್ ಕಾರ್ಖಾನೆಯಿರುವ ಮೈಸೂರಿನವನು ನಾನು. ಆ ಕಾರ್ಖಾನೆ ವಿಕ್ರಾಂತ್ ಎನಿಸಿಕೊಂಡಿದ್ದ ಕಾಲದಿಂದ ನಮ್ಮೂರಲ್ಲಿ ರಬ್ಬರಿನ ಮಾತೆಂದರೆ ಬಿಸಿಲಿಗೆ, ಭಾರಕ್ಕೆ ತಡೆಯುತ್ತದೋ ಇಲ್ಲವೋ ಎಂಬುದೇ. ಚಳಿಗೆ ಮೆತ್ತಗೆ ಉಳಿಯುವುದೇ ಒಂದು ಗುಣ ಎನ್ನುವ ಊರನ್ನು ನೋಡಿದ್ದು ಇದೇ ಮೊದಲು.

ಮೈನಸ್ ಇಪ್ಪತ್ತೈದರ ಚಳಿಯಲ್ಲಿ ಕಾರು ಓಡಿಸುವುದು ಭಯಂಕರ ಎಂದುಕೊಳ್ಳುತ್ತೇವೆ. ಅಲ್ಲಿನವರಿಗೆ ಭಯ ಇರುವುದು ಸೊನ್ನೆಯ ಆಸುಪಾಸಿನಲ್ಲಿ. ಕೊರೆಯುವ ಚಳಿಯಲ್ಲಿ ಮಂಜುಗಡ್ಡೆ ಒಣಗಿ ಗಡುಸಾಗಿ ಟೈರಿಗೆ ಸ್ವಲ್ಪ ಹಿಡಿತ ಕೊಡುತ್ತದೆ. ಕರಗಲೋ ಬೇಡವೋ ಎನ್ನುವ ಹೊತ್ತಿನ ಒದ್ದೆ ಮಂಜುಗಡ್ಡೆಯೇ ಎಲ್ಲಕ್ಕಿಂತ ಹೆಚ್ಚು ಜಾರುವುದು.

ಇಲ್ಲಿಗೆ ಮೊಳೆಯ ವಿಷಯ ಬಂತು. ಆ ಅಂಗಡಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದೂ ಅದೇ. ಟೈರಿನ ಮೇಲ್ಮೈಗೆ ಸಾಲುಸಾಲಾಗಿ ಕೂರಿಸಿದ ಪುಟ್ಟ ಲೋಹದ ಗುಬುಟು. ಹೊರಕವಚ ಸಾಮಾನ್ಯವಾಗಿ ಅಲ್ಯೂಮಿನಿಯಂ ಅಥವಾ ಉಕ್ಕು, ನಡುವಿನ ಮೊನೆ ಟಂಗ್‌ಸ್ಟನ್ ಕಾರ್ಬೈಡ್. ರಬ್ಬರಿನಿಂದ ಹೊರಗೆ ಇಣುಕುವುದು ಒಂದೆರಡು ಮಿಲಿಮೀಟರ್ ಮಾತ್ರ. ಎತ್ತಿನ ಗೊರಸಿಗೆ ಲಾಳ ಹೊಡೆದಂತೆ, ಟೈರಿಗೂ ಒಂದು ಲೋಹದ ಆಸರೆ. ನಮ್ಮವಳ ಕಾರಿನ ಪಕ್ಕದಲ್ಲೇ ಹೊಸ ಮೊಳೆ ಟೈರು ಹಾಕಿದ ಕಾರೊಂದು ಸಿಮೆಂಟ್ ನೆಲದ ಮೇಲೆ ಹೊರಟಾಗ ಎದ್ದ ಕರಕರ ಸದ್ದು ಇನ್ನೂ ಕಿವಿಯಲ್ಲಿದೆ.

ಚಳಿಗಾಲದ ಟೈರು ಹುಟ್ಟಿದ ಜಾಗವೂ ಅಲ್ಲಿಂದ ಹತ್ತಿರವೇ. ಟಾಂಪೆರೆಯ ಪಕ್ಕದ ಊರು ನೋಕಿಯಾ. ನಾವು ಕೈಯಲ್ಲಿ ಹಿಡಿದು ಓಡಾಡಿದ ಫೋನಿಗೆ ಹೆಸರು ಕೊಟ್ಟ ಊರೇ. ಆ ಊರಿನ ರಬ್ಬರ್ ಕಂಪನಿ 1934ರಲ್ಲಿ ಲಾರಿಗಳಿಗಾಗಿ ಜಗತ್ತಿನ ಮೊದಲ ಚಳಿಗಾಲದ ಟೈರನ್ನು ಮಾಡಿತು. 1936ರಲ್ಲಿ ಕಾರುಗಳಿಗೆ ಹಕ್ಕಪೆಲೀಟ್ಟಾ ಎಂಬ ಟೈರು ಬಂತು, 1961ರಲ್ಲಿ ಮೊಳೆಯ ಹಕ್ಕಪೆಲೀಟ್ಟಾ. 1967ರಲ್ಲಿ ರಬ್ಬರ್, ಕಾಗದ, ಕೇಬಲ್ ಕಂಪನಿಗಳು ಸೇರಿ ಒಂದೇ ನೋಕಿಯಾ ಆದವು. 1988ರಲ್ಲಿ ಟೈರಿನವರು ಬೇರೆಯಾಗಿ ನೋಕಿಯನ್ ಟೈರ್ಸ್ ಆದರು. ಹಕ್ಕಪೆಲೀಟ್ಟಾ ಹೆಸರು ಇಂದಿಗೂ ಓಡುತ್ತಿದೆ.

ಮೊಳೆ ಮಂಜುಗಡ್ಡೆಯನ್ನು ಗೀರುವಂತೆಯೇ ಬರಿ ರಸ್ತೆಯನ್ನೂ ಗೀರುತ್ತದೆ. ಜರ್ಮನಿ 1970ರ ದಶಕದಲ್ಲೇ ಇದನ್ನು ನಿಷೇಧಿಸಿತು. ಜಪಾನಿನ ಸೆಂಡೈ ನಗರದಲ್ಲಿ 80ರ ದಶಕದ ಆರಂಭಕ್ಕೆ ರಸ್ತೆ ಸವೆದೆದ್ದ ಧೂಳು ಊರಿಗೇ ಕವಿಯುತ್ತಿತ್ತು. ಜನರ ದೂರುಗಳು ಬೆಳೆದು 1990ರಲ್ಲಿ ಮೊಳೆ ಟೈರಿನ ವಿರುದ್ಧ ದೇಶಕ್ಕೇ ಕಾನೂನು ಬಂತು. ಅಷ್ಟರಲ್ಲಿ, 1988ರಲ್ಲೇ, ಬ್ರಿಜ್‌ಸ್ಟೋನ್ ಕಂಪನಿ ಸೂಕ್ಷ್ಮ ರಂಧ್ರಗಳಿಂದ ನೀರಿನ ಪೊರೆಯನ್ನು ಹೀರುವ ಮೊಳೆರಹಿತ ಬ್ಲಿಜ್ಜಾಕ್ ಟೈರನ್ನು ಹೊರತಂದಿತ್ತು. ಸ್ಟಾಕ್‌ಹೋಮ್ ತನ್ನ ಹೋರ್ನ್ಸ್‌ಗಾಟನ್ ಬೀದಿಯಲ್ಲಿ 2010ರಿಂದ ಮೊಳೆ ಟೈರಿನ ಕಾರುಗಳಿಗೆ ಪ್ರವೇಶ ನಿಲ್ಲಿಸಿದೆ. ಓಸ್ಲೊದಲ್ಲಿ ಮೊಳೆ ಹಾಕಿದ ಕಾರಿಗೆ ಶುಲ್ಕವಿದೆ.

ಫಿನ್ಲೆಂಡ್ ನಿಷೇಧಿಸಲಿಲ್ಲ, ಅಳೆಯಿತು. 2013ರ ಜುಲೈಯಿಂದ ತಯಾರಾದ ಟೈರುಗಳಲ್ಲಿ ಸುತ್ತಳತೆಯ ಪ್ರತಿ ಮೀಟರಿಗೆ 50ಕ್ಕಿಂತ ಹೆಚ್ಚು ಮೊಳೆ ಇರಕೂಡದು. ಅದಕ್ಕಿಂತ ಹೆಚ್ಚು ಬೇಕೆನ್ನುವ ಕಂಪನಿ ತನ್ನ ಟೈರು ರಸ್ತೆಯನ್ನು ಹೆಚ್ಚು ಸವೆಸುವುದಿಲ್ಲವೆಂದು ತೋರಿಸಿಕೊಡಬೇಕು. ತೋರಿಸುವ ರೀತಿ ನನಗೆ ಬಹಳ ಹಿಡಿಸಿತು. ರಸ್ತೆಯಲ್ಲಿ ಗ್ರಾನೈಟ್ ಕಲ್ಲಿನ ತುಂಡುಗಳನ್ನು ಹುದುಗಿಸುತ್ತಾರೆ. ಅವುಗಳ ಮೇಲೆ ಮೊಳೆ ಟೈರಿನ ಕಾರನ್ನು ನಿಗದಿತ ವೇಗದಲ್ಲಿ ಮತ್ತೆ ಮತ್ತೆ ಓಡಿಸುತ್ತಾರೆ. ಆಮೇಲೆ ಕಲ್ಲನ್ನು ಹೊರತೆಗೆದು ಒಣಗಿಸಿ ತೂಗುತ್ತಾರೆ. ಎಷ್ಟು ತೂಕ ಕಳೆದುಹೋಯಿತೋ ಅದೇ ಆ ಟೈರಿನ ಮೇಲಿನ ಆರೋಪಪಟ್ಟಿ. ಈ ಲೆಕ್ಕ ಬಂದ ಮೇಲೆ ಕಂಪನಿಗಳು ಹಗುರ ಮೊಳೆ, ಮೊಳೆಯ ಬುಡಕ್ಕೆ ಮೆತ್ತನೆಯ ರಬ್ಬರಿನ ಹಾಸು, ಹೀಗೆ ಸಣ್ಣ ಸಣ್ಣ ಉಪಾಯಗಳ ಹಿಂದೆ ಬಿದ್ದವು. ಗುಂಡಿ ಒತ್ತಿದರೆ ಮೊಳೆ ಹೊರಬಂದು ಮತ್ತೆ ಒಳಸರಿಯುವ ಟೈರನ್ನು ನೋಕಿಯನ್ 2014ರಲ್ಲಿ ಪ್ರಯೋಗಕ್ಕಾಗಿ ಮಾಡಿ ತೋರಿಸಿತ್ತು. ಅದು ಅಂಗಡಿಗೆ ಬಂದರೆ ನೋಡಲೆಂದೇ ಇನ್ನೊಮ್ಮೆ ಹೋಗಿಬರುವೆ.

ಮೊಳೆಯ ಬಗ್ಗೆ ಇನ್ನೂ ಒಂದು ಮಾತಿದೆ. ಮೊಳೆ ಟೈರುಗಳು ಓಡಾಡುತ್ತಾ ಮಂಜುಗಡ್ಡೆಯನ್ನು ತರಿತರಿ ಮಾಡುತ್ತವೆ. ಆ ಒರಟು ಮೇಲ್ಮೈಯ ಲಾಭ ಹಿಂದೆ ಬರುವ ಮೊಳೆರಹಿತ ಕಾರುಗಳಿಗೂ ಸಿಗುತ್ತದೆ. ಎಲ್ಲರೂ ಮೊಳೆ ಬಿಟ್ಟರೆ ಮೆತ್ತನೆಯ ರಬ್ಬರೇ ಉಜ್ಜಿ ಉಜ್ಜಿ ಕೂಡುರಸ್ತೆಗಳನ್ನು ಗಾಜಿನಂತೆ ನುಣುಪು ಮಾಡುತ್ತದೆ. ಜಪಾನಿನ ಸಪ್ಪೊರೊದಲ್ಲಿ ಆದದ್ದು ಹಾಗೆಯೇ. ಅಲ್ಲಿ ಬೀದಿ ದಾಟುವ ಜನರೇ ಎರಚಿಕೊಳ್ಳಲೆಂದು ಮೂಲೆ ಮೂಲೆಯಲ್ಲಿ ಮರಳಿನ ಪೆಟ್ಟಿಗೆಗಳನ್ನು ಇಡಬೇಕಾಯಿತು. ಹಾಗಾಗಿ ಮೊಳೆ ಟೈರು ಹಾಕಿದವರನ್ನು ರಸ್ತೆ ಹಾಳುಮಾಡುವವರೆಂದು ಮಾತ್ರ ಬೈಯುವುದನ್ನು ನಾನು ಒಪ್ಪಲಾರೆ.

ನಮ್ಮ ಹುಡುಗಿ ಯಾವುದನ್ನು ಕೊಳ್ಳಬೇಕು? ಅಂಗಡಿಯವರು ಬ್ರಾಂಡಿನ ಹೆಸರೆತ್ತದೆ ಮೂರು ಪ್ರಶ್ನೆ ಕೇಳಿದರು. ಎಲ್ಲಿ ಓಡಿಸುತ್ತೀರಿ? ಎಷ್ಟು ಹೊತ್ತಿಗೆ? ಕೆಟ್ಟ ದಿನ ಕಾರು ತೆಗೆಯದೆ ಮನೆಯಲ್ಲಿರಲು ನಿಮಗೆ ಆಗುತ್ತದೆಯೇ? ಮೂರನೆಯದೇ ನಿಜವಾದ ಪ್ರಶ್ನೆ. ಅಳಿಯ ಲ್ಯಾಪ್‌ಟಾಪಿನ ಕೆಲಸದವನು, ರಸ್ತೆ ಜಾರುತ್ತಿದ್ದರೆ ಮನೆಯಿಂದಲೇ ಕೆಲಸ. ಅವಳು ನರ್ಸ್. ಬೆಳಗಿನ ಪಾಳಿಗೆ, ಹಿಮ ತೆಗೆಯುವ ಗಾಡಿ ಬರುವುದಕ್ಕೂ ಮೊದಲೇ, ಊರಾಚೆಯ ರಸ್ತೆಯಲ್ಲಿ ಹೋಗಲೇಬೇಕು. ಕಾರು ಅವನಿಗಾಗಿಯೇ ಇದ್ದಿದ್ದರೆ ಮೊಳೆಯಿಲ್ಲದ ನಾರ್ಡಿಕ್ ಟೈರು ಸಾಕಿತ್ತು. ಸದ್ದು ಕಡಿಮೆ, ರಸ್ತೆಗೂ ಒಳ್ಳೆಯದು. ಓಡಿಸುವವಳು ಅವಳಾದ್ದರಿಂದ ಮೊಳೆ ಟೈರೇ ಎಂದು ತೀರ್ಮಾನವಾಯಿತು. ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

‘ಆಲ್ ವೀಲ್ ಡ್ರೈವ್ ಇದೆಯಲ್ಲ ಮಾವ, ಅಷ್ಟೂ ಬೇಕಾ?’ ಎಂದು ಅಳಿಯ ನನ್ನ ಕಿವಿಯಲ್ಲಿ ಕೇಳಿದ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಕಾರು ಹೊರಡುವುದು ಸುಲಭವಾಗುತ್ತದೆ, ನಿಲ್ಲುವುದಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ನಿಲ್ಲಿಸುವುದು ಕೊನೆಗೂ ರಬ್ಬರೇ.

ಪತ್ರಿಕೆಗಳಲ್ಲಿ ಬರುವ ಟೈರ್ ಪರೀಕ್ಷೆಗಳ ಬಗ್ಗೆಯೂ ಹೇಳಬೇಕು. ಫಿನ್ಲೆಂಡಿನ ಟೆಕ್ನೀಕನ್ ಮಾಯಿಲ್ಮಾ ಪತ್ರಿಕೆ, ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಇವುಗಳ ಪಟ್ಟಿಗಳನ್ನು ಜನ ಶ್ರದ್ಧೆಯಿಂದ ಓದುತ್ತಾರೆ. ಓದಲಿ. ಆದರೆ ಪರೀಕ್ಷೆಗೆಂದೇ ಬೇರೆ ಟೈರು ತಯಾರಿಸಿ ಕೊಟ್ಟಿದ್ದನ್ನು ಸ್ವತಃ ನೋಕಿಯನ್ 2016ರ ಫೆಬ್ರುವರಿಯಲ್ಲಿ ಒಪ್ಪಿಕೊಂಡಿತ್ತು. ಆ ಕಂಪನಿಯ ಚರಿತ್ರೆಯನ್ನು ಇಷ್ಟು ಮೆಚ್ಚುವ ನನಗೆ ಆ ಹಳೆಯ ಸುದ್ದಿ ಓದಿ ನೋವಾಯಿತು. ಟೈರನ್ನು ಅಂಗಡಿಯಿಂದ ದುಡ್ಡು ಕೊಟ್ಟು ತಂದು ಮಾಡಿದ ಪರೀಕ್ಷೆಗೆ ಮಾತ್ರ ಬೆಲೆ ಕೊಡಿ. ಹಾಗೆ ಮಾಡಿದ ಪಟ್ಟಿಯಲ್ಲೂ ಒಟ್ಟು ಅಂಕಕ್ಕಿಂತ ಮಂಜುಗಡ್ಡೆಯ ಕಾಲಮ್ಮು, ಒದ್ದೆ ರಸ್ತೆಯ ಕಾಲಮ್ಮು ಎಂದು ಬಿಡಿಬಿಡಿಯಾಗಿ ನೋಡಿ. ಒಂದರಲ್ಲಿ ಮುಂದಿರುವ ಟೈರು ಇನ್ನೊಂದರಲ್ಲಿ ಹಿಂದೆ ಬೀಳುವುದೇ ಹೆಚ್ಚು.

ಉಳಿದ ಮಾತುಗಳು ಚಿಕ್ಕವು. ಎರಡೇ ಟೈರು ಬದಲಿಸಿ ಉಳಿಸುವ ಯೋಚನೆ ಬೇಡ. ಹಿಂದು ಮುಂದಿನ ಹಿಡಿತ ಬೇರೆಯಾದರೆ ತಿರುವಿನಲ್ಲಿ ಕಾರು ತಿರುಗಿಬಿಡುತ್ತದೆ. ಮೊಳೆ ಇರುವುದನ್ನೂ ಇಲ್ಲದ್ದನ್ನೂ ಒಂದೇ ಕಾರಿಗೆ ಬೆರೆಸುವುದಕ್ಕೆ ಫಿನ್ಲೆಂಡಿನಲ್ಲಿ ಕಾನೂನೇ ಬಿಡುವುದಿಲ್ಲ. ಕಾರಿನ ಪುಸ್ತಕ ಒಪ್ಪುವ ಅಳತೆಗಳಲ್ಲಿ ಅಗಲ ಕಡಿಮೆಯದನ್ನು ಆರಿಸಿದರೆ ಕೆಸರು ಹಿಮವನ್ನು ಚೆನ್ನಾಗಿ ಸೀಳುತ್ತದೆ, ದುಡ್ಡೂ ಉಳಿಯುತ್ತದೆ. ಪಕ್ಕೆಯಲ್ಲಿನ ನಾಲ್ಕಂಕಿಯ ತಾರೀಖು ನೋಡಿ: 3624 ಎಂದಿದ್ದರೆ 2024ನೇ ಇಸವಿಯ 36ನೇ ವಾರ. ಫಿನ್ಲೆಂಡಿನ ಕಾನೂನು ಚಳಿಗಾಲದ ಟೈರಿಗೆ ಕನಿಷ್ಠ 3 ಮಿ.ಮೀ. ಬಟನ್ ಕೇಳುತ್ತದೆ, ಆಸ್ಟ್ರಿಯಾ 4. ಎರಡನೆಯ ಜೊತೆ ರಿಮ್ ಕೊಂಡಿಟ್ಟರೆ ವರ್ಷಕ್ಕೆರಡು ಬಾರಿ ಟೈರು ಬಿಚ್ಚಿ ಹಾಕುವ ರಗಳೆ ಇಲ್ಲ. ಮನೆಯಲ್ಲಿ ಜಾಗವಿಲ್ಲದವರ ಟೈರುಗಳನ್ನು ಅಲ್ಲಿನ ಅಂಗಡಿಗಳೇ ಬಾಡಿಗೆಗೆ ಇಟ್ಟುಕೊಳ್ಳುತ್ತವೆ, ಅದಕ್ಕೆ ಟೈರ್ ಹೋಟೆಲ್ ಎನ್ನುತ್ತಾರೆ.

ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಇರುವ ನಮ್ಮವರಿಗೆ ಇದರಲ್ಲಿ ಅರ್ಧ ಅನ್ವಯಿಸುವುದಿಲ್ಲ. ಅಲ್ಲಿ ನಾರ್ಡಿಕ್ ಟೈರು ಹಾಕಿದರೆ ಒದ್ದೆ ಹೆದ್ದಾರಿಯಲ್ಲಿ ಬ್ರೇಕ್ ಹಿಡಿದಾಗ ನಷ್ಟವೇ. ಮಧ್ಯ ಯುರೋಪಿನ ಗಟ್ಟಿ ಟೈರೇ ಅಲ್ಲಿಗೆ ಸರಿ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಪಕ್ಕದ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಹಾಕಿದವರಿಗೆ ವಿಮೆಯಲ್ಲಿ ರಿಯಾಯಿತಿ ಇದೆ. ಟೊರೊಂಟೊದ ಕನ್ನಡಿಗರು ‘ಆಲ್ ಸೀಸನ್ ಸಾಕು’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಬೆಟ್ಟದ ಗುರುತಿಲ್ಲದ ಆಲ್ ಸೀಸನ್ ಅಲ್ಲಿನ ಜನವರಿಗೆ ಸಾಲದು ಎಂದೇ ನನ್ನ ಮಾತು.

ಹೊಸ ಮೊಳೆ ಟೈರು ಹಾಕಿಸಿಕೊಂಡವರು ಮೊದಲ 500 ಕಿ.ಮೀ. ನಿಧಾನವಾಗಿ ಓಡಿಸಬೇಕು. ಗಕ್ಕನೆ ಬ್ರೇಕ್ ಹಿಡಿಯಬಾರದು, ಚಕ್ರ ಗಿರ್ರನೆ ತಿರುಗುವಂತೆ ಆಕ್ಸಿಲರೇಟರ್ ಒತ್ತಬಾರದು. ಮೊಳೆ ತನ್ನ ಗೂಡಿನಲ್ಲಿ ಭದ್ರವಾಗಿ ಕೂರುವುದು ಆ ಅವಧಿಯಲ್ಲೇ. ಆತುರಪಟ್ಟರೆ ಡಿಸೆಂಬರಿನ ಹೊತ್ತಿಗೆ ಅರ್ಧ ಮೊಳೆಗಳು ರಸ್ತೆಯಲ್ಲಿ ಉದುರಿರುತ್ತವೆ. ಟೈರು ಬದಲಿಸಲು ಅಂಗಡಿಯಲ್ಲಿ ದಿನವನ್ನು ಸೆಪ್ಟೆಂಬರಿನಲ್ಲೇ ಗೊತ್ತುಮಾಡಿಕೊಳ್ಳಿ. ಮೊದಲ ಹಿಮದ ಮುನ್ಸೂಚನೆ ಬಂದ ದಿನ ಆ ಅಂಗಡಿಗಳ ಮುಂದೆ ಕಾರುಗಳ ಸಾಲು ರಸ್ತೆಯವರೆಗೂ ಬೆಳೆದಿರುತ್ತದೆ.